ಮೇದೋಜೀರಕದ ಶಸ್ತ್ರಚಿಕಿತ್ಸೆಯ ನಂತರ ನೋವಿನ ಮಾತ್ರೆ ಬಿಡಿಸಿದ ಬಗೆ: ಮಂಡ್ಯದ ಒಂದು ಪ್ರಕರಣ

ಈ ಪ್ರಕರಣದ ರೋಗಿ ಮಂಡ್ಯ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರರು. 2023ರಲ್ಲಿ ಶಸ್ತ್ರಚಿಕಿತ್ಸೆಯಾದಾಗ ಅವರಿಗೆ 43 ವರ್ಷ. ವಿ.ಸಿ. ನಾಲೆಯ ನೀರು ಹರಿಯುವ ಎರಡೂವರೆ ಎಕರೆ ಗದ್ದೆ, ಅಣ್ಣನ ಜೊತೆ ಪಾಲಿನಲ್ಲಿ ನಡೆಸುವ ಆಲೆಮನೆ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ, ಇದು ಅವರ ಸಂಸಾರ. ನಾನು ಅವರ ಮನೆಯವರಿಗೆಲ್ಲ ಬಹಳ ವರ್ಷಗಳಿಂದ ಔಷಧ ಕೊಡುತ್ತಿರುವ ವೈದ್ಯ. ದಂಪತಿಗಳ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ನಡೆದ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಆದರೂ ಅದು ಕೆಟ್ಟುಹೋಯಿತೆಂದು ಎಲ್ಲರೂ ಎರಡು ಸಲ ಹೆದರಬೇಕಾಯಿತು. ಎರಡು ಸಲವೂ ಕಾರಣ ಒಂದೇ: ಆರು ವರ್ಷ ಪ್ರತಿದಿನ ನುಂಗಿದ್ದ ನೋವಿನ ಮಾತ್ರೆ ಏಕಾಏಕಿ ನಿಂತುಹೋಗಿತ್ತು, ಮತ್ತು ದಿನಕ್ಕೆ ಎಷ್ಟು ಮಾತ್ರೆ ಎಂದು ಅವರನ್ನು ಯಾರೂ ಎಣಿಸಿ ಕೇಳಿರಲಿಲ್ಲ. ಹಾಗೆ ಕೇಳದವರಲ್ಲಿ ಮೊದಲನೆಯವನು ನಾನು.

ಅವರಿಗಿದ್ದದ್ದು ಮೇದೋಜೀರಕ ಗ್ರಂಥಿಯ, ಅಂದರೆ ಜೀರ್ಣರಸವನ್ನೂ ಇನ್ಸುಲಿನ್ನನ್ನೂ ತಯಾರಿಸುವ ಪ್ಯಾಂಕ್ರಿಯಾಸ್‌ನ, ದೀರ್ಘಕಾಲದ ಉರಿಯೂತ. ಗ್ರಂಥಿಯ ಮುಖ್ಯ ನಾಳದೊಳಗೆ ಸುಣ್ಣದ ಕಲ್ಲುಗಳು ಕಟ್ಟಿಕೊಂಡು, ನಾಳ ಹಿಗ್ಗಿ, ಸುತ್ತಲಿನ ಅಂಗಾಂಶ ನಾರಿನಂತೆ ಗಟ್ಟಿಯಾಗಿತ್ತು. ಈ ರೋಗದ ಹೆಸರು ಹೇಳಿದೊಡನೆ ಕೇಳುವವರು ರೋಗಿಯನ್ನು ಕುಡುಕನೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ದಕ್ಷಿಣ ಭಾರತದಲ್ಲಿ ಮದ್ಯವನ್ನು ಮುಟ್ಟದವರಿಗೂ ಚಿಕ್ಕ ವಯಸ್ಸಿನಲ್ಲೇ ಬರುವ ಒಂದು ಬಗೆ ಇದೆ. ಕೇರಳದ ಡಾ. ಗೀವರ್ಗೀಸ್ 1960ರ ದಶಕದಲ್ಲಿ ಇಂಥ ಬಹಳಷ್ಟು ರೋಗಿಗಳನ್ನು ಅಭ್ಯಾಸ ಮಾಡಿ ವಿವರಿಸಿದ್ದರು. ಮರಗೆಣಸು ತಿನ್ನುವುದರಿಂದ ಬರುತ್ತದೆಂಬ ಹಳೆಯ ಗುಮಾನಿ ಈಗ ಹೆಚ್ಚು ಉಳಿದಿಲ್ಲ. ಕೆಲವರಲ್ಲಿ ವಂಶವಾಹಿಯ ದೋಷಗಳು ಪತ್ತೆಯಾಗಿವೆ. ನಮ್ಮ ರೋಗಿ ಹನಿ ಮದ್ಯ ಕುಡಿದವರಲ್ಲ. ಆದರೂ ನೆಂಟರ ಬಾಯಲ್ಲಿ ಆ ಮಾತು ನಿಲ್ಲಲಿಲ್ಲ, ಮತ್ತು ಮುಂದೆ ಅವರು ಮಾತ್ರೆಯ ಲೆಕ್ಕವನ್ನು ಮುಚ್ಚಿಟ್ಟದ್ದಕ್ಕೆ ಈ ಮಾತೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ.

ನೋವು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಶುರುವಾಯಿತು. ಊಟವಾದ ಸ್ವಲ್ಪ ಹೊತ್ತಿಗೆ ಎದೆಗೂಡಿನ ಕೆಳಗೆ ಹುಟ್ಟಿ ಬೆನ್ನಿಗೆ ಹೊಡೆಯುವ ನೋವು. ಮುಂದಕ್ಕೆ ಬಾಗಿ ಮಂಡಿ ಅವುಚಿಕೊಂಡು ಕೂತರೆ ಮಾತ್ರ ಕೊಂಚ ಸಮಾಧಾನ. 36ಕ್ಕೆ ಸಕ್ಕರೆ ಕಾಯಿಲೆ ಬಂತು. 2017ರಲ್ಲಿ ಮಾಮೂಲಿ ಮಾತ್ರೆಗಳಿಗೆ ನೋವು ಬಗ್ಗದಾದಾಗ ನಾನು 50 ಮಿ.ಗ್ರಾಂ. ಟ್ರಮಡಾಲ್ ಕ್ಯಾಪ್ಸೂಲನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದುಕೊಟ್ಟೆ. ಎಷ್ಟು ದಿನ ಎಂದು ಬರೆಯಲಿಲ್ಲ. ಟ್ರಮಡಾಲ್ ಅಫೀಮಿನ ಗುಂಪಿಗೆ ಸೇರಿದ ಔಷಧ, ಕೆಲವು ವಾರ ಸತತವಾಗಿ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೆ ಹೇಳಲಿಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 1985ರ ಮಾದಕ ದ್ರವ್ಯ ಕಾಯ್ದೆಯ ವ್ಯಾಪ್ತಿಗೆ ತಂದ ಮೇಲೆ ಔಷಧದ ಅಂಗಡಿಗಳು ಬಿಗಿಯಾದವು. ಆಗ ನಾನು ಹತ್ತು ಹತ್ತು ಕ್ಯಾಪ್ಸೂಲಿಗೆ ಚೀಟಿ ಬರೆಯತೊಡಗಿದೆ, ಅಷ್ಟರಿಂದ ನನ್ನ ಹೊಣೆ ತೀರಿತೆಂದುಕೊಂಡೆ. ಉಳಿದದ್ದನ್ನು ಅವರು ಬೇರೆ ಊರುಗಳ ಅಂಗಡಿಗಳಿಂದ ತರಿಸಿಕೊಳ್ಳುತ್ತಿದ್ದರು. 2023ರ ಹೊತ್ತಿಗೆ ದಿನಕ್ಕೆ ಎಂಟು ಕ್ಯಾಪ್ಸೂಲ್, ಅಂದರೆ 400 ಮಿ.ಗ್ರಾಂ. ತಲುಪಿದ್ದರು. ಇದು ಈ ಔಷಧಕ್ಕಿರುವ ದಿನದ ಗರಿಷ್ಠ ಮಿತಿ. ಇದನ್ನು ದಾಟಿದರೆ ಫಿಟ್ಸ್ ಬರುವ ಅಪಾಯ ಹೆಚ್ಚುತ್ತದೆ. ತೂಕ 47 ಕೆ.ಜಿ.ಗೆ ಇಳಿದಿತ್ತು.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಫ್ರೇ ಶಸ್ತ್ರಚಿಕಿತ್ಸೆ ಮಾಡುವುದೆಂದು ನಿರ್ಧಾರವಾಯಿತು. ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಫ್ರೇ 1987ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಗ್ರಂಥಿಯ ತಲೆಯ ಭಾಗದಲ್ಲಿ ಗಟ್ಟಿಗೊಂಡ ತಿರುಳನ್ನು ಕೊರೆದು ತೆಗೆಯುತ್ತಾರೆ, ನಾಳವನ್ನು ಉದ್ದಕ್ಕೆ ಸೀಳಿ ಕಲ್ಲುಗಳನ್ನು ಹೊರತೆಗೆಯುತ್ತಾರೆ, ಸಣ್ಣ ಕರುಳಿನ ಒಂದು ಕುಣಿಕೆಯನ್ನು ಮೇಲೆ ತಂದು ಆ ಸೀಳಿಗೆ ಹೊಲಿಯುತ್ತಾರೆ. ರಸ ಕಟ್ಟಿಕೊಳ್ಳದೆ ನೇರವಾಗಿ ಕರುಳಿಗೆ ಇಳಿಯುವುದರಿಂದ ಹೆಚ್ಚಿನವರಿಗೆ ನೋವು ಬಹುಮಟ್ಟಿಗೆ ಹೋಗುತ್ತದೆ. ಭರ್ತಿಯಾಗುವಾಗ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಅವರು, ನೋವು ಬಂದಾಗ ಒಂದೆರಡು ಎಂದಷ್ಟೇ ಹೇಳಿದ್ದರು. ನಿಜ ಹೇಳಿದರೆ ಚಟದವನೆಂದು ಆಪರೇಷನ್ನನ್ನೇ ಮಾಡದೆ ಕಳಿಸಿಬಿಟ್ಟಾರೆಂಬ ಭಯ ಅವರಿಗಿತ್ತು.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಮೂರು ದಿನ ಬೆನ್ನಿನ ಎಪಿಡ್ಯೂರಲ್ ನಳಿಕೆಯಲ್ಲಿ ಮರಗಟ್ಟಿಸುವ ಔಷಧದ ಜೊತೆ ಫೆಂಟನಿಲ್ ಹೋಗುತ್ತಿತ್ತು. ಫೆಂಟನಿಲ್ ಕೂಡ ಅಫೀಮಿನ ಗುಂಪಿನದೇ ಆದ್ದರಿಂದ ಟ್ರಮಡಾಲ್ ನಿಂತದ್ದು ದೇಹಕ್ಕೆ ಅಷ್ಟಾಗಿ ತಿಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಳಿಕೆ ತೆಗೆದು ಬರೀ ಪ್ಯಾರಸಿಟಮಾಲ್ ಇಟ್ಟರು. ಆ ರಾತ್ರಿ ಹೊಟ್ಟೆಯಲ್ಲಿ ತಿರುಚುವ ನೋವು, ವಾಂತಿ, ನೀರಿನಂಥ ಭೇದಿ, ಮೈಯೆಲ್ಲ ಬೆವರು, ನಾಡಿ ನಿಮಿಷಕ್ಕೆ 118.

ಮೇದೋಜೀರಕವನ್ನು ಕರುಳಿಗೆ ಹೊಲಿದ ನಾಲ್ಕನೆಯ ದಿನ ಹೀಗಾದರೆ ಯಾವ ಶಸ್ತ್ರವೈದ್ಯರಿಗಾದರೂ ಮೊದಲು ತೋಚುವುದು ಹೊಲಿಗೆ ಸೋರಿತೆಂಬುದು. ಹಾಗೆ ತೋಚಲೇಬೇಕು. ಸೋರಿದ ರಸ ಸುತ್ತಲಿನ ಅಂಗಗಳನ್ನೇ ತಿನ್ನತೊಡಗುವುದರಿಂದ ಅಲ್ಲಿ ತಡಮಾಡಿದರೆ ಜೀವಕ್ಕೇ ಅಪಾಯ. ಶಸ್ತ್ರವೈದ್ಯರು ಡ್ರೈನಿನ, ಅಂದರೆ ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಕೊಳವೆಯ, ದ್ರವದಲ್ಲಿ ಮೇದೋಜೀರಕದ ರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವದ ಪರೀಕ್ಷೆ ಮಾಡಿಸಿದರು. ಮೂರನೆಯ ದಿನ ಅಥವಾ ಆಮೇಲೆ ಅದು ರಕ್ತದಲ್ಲಿರಬಹುದಾದ ಗರಿಷ್ಠ ಸಾಮಾನ್ಯ ಮಟ್ಟದ ಮೂರು ಪಟ್ಟು ಮೀರಿದ್ದರೆ ಸೋರಿಕೆಯ ಸಂಶಯ ಬಲವಾಗುತ್ತದೆ. ಇವರದ್ದು ಬಹಳ ಕಡಿಮೆಯಿತ್ತು. ಜ್ವರವಿರಲಿಲ್ಲ. ಬಿಳಿ ರಕ್ತಕಣಗಳ ಎಣಿಕೆ ಹಿಂದಿನ ದಿನಕ್ಕಿಂತ ಇಳಿದಿತ್ತು. ಸಿ.ಟಿ. ಸ್ಕ್ಯಾನ್‌ನಲ್ಲಿ ಎಲ್ಲೂ ದ್ರವ ನಿಂತಿರಲಿಲ್ಲ. ಪರೀಕ್ಷೆಗಳೆಲ್ಲ ಸರಿಯಾಗಿದ್ದರೂ ರೋಗಿ ಮಾತ್ರ ಮಂಚದ ಮೇಲೆ ಒಂದು ಕ್ಷಣ ನಿಲ್ಲದೆ ಹೊರಳುತ್ತಿದ್ದರು.

ಗಂಟು ಬಿಚ್ಚಿದವರು ರಾತ್ರಿ ಪಾಳಿಯ ಒಬ್ಬ ನರ್ಸ್. ಇಷ್ಟು ನೋವಿನಲ್ಲಿರುವ ಮನುಷ್ಯ ಒಂದೇ ಸಮನೆ ಆಕಳಿಸುತ್ತಿರುವುದು, ಕಣ್ಣು ಮೂಗಿನಲ್ಲಿ ನೀರು ಸುರಿಯುತ್ತಿರುವುದು, ಸೆಕೆಯಲ್ಲೂ ತೋಳಿನ ರೋಮ ನಿಮಿರಿರುವುದು, ಟಾರ್ಚ್ ಹಾಕಿದರೂ ಕಣ್ಣಿನ ಪಾಪೆ ದೊಡ್ಡದಾಗಿಯೇ ಇರುವುದು ಅವರ ಗಮನಕ್ಕೆ ಬಂತು. ಹೊಟ್ಟೆ ನೋವು, ವಾಂತಿ, ವೇಗದ ನಾಡಿ ಇವು ಸೋರಿಕೆಯಲ್ಲೂ ಇರುತ್ತವೆ, ಅಫೀಮಿನ ಗುಂಪಿನ ಔಷಧ ನಿಂತಾಗಲೂ ಇರುತ್ತವೆ. ಆಕಳಿಕೆ ಮತ್ತು ರೋಮಾಂಚ ಸೋರಿಕೆಯ ಲಕ್ಷಣಗಳಲ್ಲ. ಅವರು ಪತ್ನಿಯನ್ನು ವರಾಂಡಕ್ಕೆ ಕರೆದು, ಬೈಯುವುದಿಲ್ಲ ಅಮ್ಮ, ಮನೆಯಲ್ಲಿ ಏನು ಮಾತ್ರೆ ನುಂಗುತ್ತಿದ್ದರು ಹೇಳಿ ಎಂದು ಕೇಳಿದರಂತೆ. ಆಕೆ ಬ್ಯಾಗಿನ ತಳದಿಂದ ಖಾಲಿ ಸ್ಟ್ರಿಪ್‌ಗಳ ಕವರನ್ನೇ ತೆಗೆದು ಕೈಗಿಟ್ಟರು. ಬೆಳಗಿನ ಜಾವ 50 ಮಿ.ಗ್ರಾಂ. ಟ್ರಮಡಾಲ್ ಕೊಟ್ಟು, ಆರು ಗಂಟೆಗೊಮ್ಮೆ ಮುಂದುವರಿಸಿದರು. ಮಧ್ಯಾಹ್ನದ ಹೊತ್ತಿಗೆ ನಾಡಿ 90ಕ್ಕೆ ಬಂತು, ರೋಗಿ ನಿದ್ದೆ ಹೋದರು.

ಹತ್ತನೆಯ ದಿನ ಮನೆಗೆ ಕಳಿಸಿದರು. ಬಿಡುಗಡೆಯ ಪತ್ರದಲ್ಲಿ ಗಾಯದ ಆರೈಕೆ, ಇನ್ಸುಲಿನ್, ಊಟ ಜೀರ್ಣವಾಗಲು ಕೊಡುವ ಕಿಣ್ವದ ಕ್ಯಾಪ್ಸೂಲ್ ಎಲ್ಲವೂ ಇದ್ದವು. ಟ್ರಮಡಾಲ್ ಎದುರಿಗೆ ಐದು ದಿನ ಎಂದಿತ್ತು. ಆ ರಾತ್ರಿ ನಡೆದದ್ದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಐದು ದಿನ ಕಳೆದ ಮೇಲೆ ಅಂಗಡಿಯವರು ಕೊಡುವುದಿಲ್ಲವೆಂದರು. ಇವರೂ ಈ ಸಲ ಪೂರ್ತಿ ಬಿಟ್ಟೇಬಿಡುತ್ತೇನೆಂದು ಹಟ ಹಿಡಿದರು. ಎರಡು ರಾತ್ರಿಯ ನಂತರ ಅವರ ಪತ್ನಿ ನನ್ನ ಬಾಗಿಲಿಗೆ ಬಂದು, “ಡಾಕ್ಟ್ರೇ, ಹಳೇ ನೋವೇ ವಾಪಸ್ ಬಂದದೆ, ಆಪ್ರೇಸನ್ ಸುಮ್ಕೆ ಆಯ್ತು ಅಂತ ಗೋಡೆಗೆ ತಲೆ ಚಚ್ಕತಾವ್ರೆ” ಎಂದರು.

ನಾನು ಅವರ ಮನೆಗೆ ಹೋದಾಗ ಅವರು ಜಗಲಿಯ ಮೇಲೆ ಕಂಬಳಿ ಹೊದ್ದು ಬೆವರುತ್ತಿದ್ದರು. ತೋಳುಗಳಲ್ಲಿ ಕರೆಂಟು ಹೊಡೆದ ಹಾಗೆ ಆಗುತ್ತಿದೆ, ಯಾರೋ ಹಿಂದೆ ನಿಂತಿದ್ದಾರೆ ಅನ್ನಿಸುತ್ತಿದೆ ಎಂದರು. ಟ್ರಮಡಾಲ್‌ನ ಒಂದು ವಿಶೇಷ ಇಲ್ಲಿ ತಿಳಿದಿರಬೇಕು. ಅದು ಅಫೀಮಿನ ಹಾಗೆ ಕೆಲಸ ಮಾಡುವುದರ ಜೊತೆಗೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಂತೆ ಮಿದುಳಿನ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೇಲೂ ಪರಿಣಾಮ ಬೀರುತ್ತದೆ. ಆದ್ದರಿಂದ ಅದನ್ನು ಥಟ್ಟನೆ ನಿಲ್ಲಿಸಿದ ಕೆಲವರಲ್ಲಿ ಭೇದಿ ಬೆವರುಗಳ ಜೊತೆಗೆ ವಿಪರೀತ ಭಯ, ಗೊಂದಲ, ಕೈಕಾಲಿನಲ್ಲಿ ಜುಮ್ಮೆನ್ನುವ ವಿಚಿತ್ರ ಅನುಭವಗಳೂ ಕಾಣಿಸುತ್ತವೆ. ಮನೆಯವರು ಇದನ್ನು ಗಾಳಿಯೆಂದು ತಿಳಿದು ನಿಂಬೆಹಣ್ಣು ಇಳಿತೆಗೆದಿದ್ದರು. ಅವರನ್ನು ದೂರಲು ನನಗೆ ಬಾಯಿರಲಿಲ್ಲ.

ಆ ಬೆಳಿಗ್ಗೆ ನಾನು ಅವರನ್ನು ನೋವು ಎಷ್ಟಿದೆ ಎಂದು ಕೇಳದೆ, ನೋವು ಎಲ್ಲಿದೆ, ಹೇಗಿದೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ಹಳೇದು ಉಂಡ್ಮೇಲೆ ಬೆನ್ನಿಗೆ ಹೊಡೀತಿತ್ತು ಸಾ. ಇದು ಉಂಡ್ರೂ ಅದೆ, ಉಣ್ದಿದ್ರೂ ಅದೆ. ಬೆನ್ನಿಗೆ ಹೋಗಕಿಲ್ಲ.” ಈ ಉತ್ತರದಿಂದ ನನಗೆ ಪ್ರಕರಣ ಸ್ಪಷ್ಟವಾಯಿತು. ಗ್ರಂಥಿಯ ನೋವು ಹೋಗಿತ್ತು. ಉಳಿದದ್ದು ಮಾತ್ರೆ ಬಿಟ್ಟ ಬಾಧೆ. ಹಿಂದಿನ ವರ್ಷಗಳಲ್ಲಿ ಎರಡು ಕ್ಯಾಪ್ಸೂಲುಗಳ ನಡುವಿನ ಅವಧಿಯಲ್ಲಿ ಅವರು ಅನುಭವಿಸಿದ ಎಷ್ಟೋ ನೋವು ಇದೇ ಆಗಿದ್ದಿರಬೇಕು. ಅದನ್ನು ರೋಗದ ನೋವೆಂದು ತಿಳಿದು ಇನ್ನೊಂದು ನುಂಗಿ, ಎರಡರಿಂದ ಎಂಟಕ್ಕೆ ಹೋಗಿದ್ದರು. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ದೇಹ ಒಗ್ಗಿಕೊಳ್ಳುವುದು ಬೇರೆ, ಮನಸ್ಸು ಅಮಲಿಗಾಗಿ ಹಾತೊರೆಯುವ ವ್ಯಸನ ಬೇರೆ ಎಂದೂ, ಚೀಟಿ ಬರೆದವನು ನಾನಾದ್ದರಿಂದ ಬಿಡಿಸುವ ಕೆಲಸದಲ್ಲಿ ನನಗೂ ಪಾಲಿದೆ ಎಂದೂ ಹೇಳಿದೆ. ಅವರ ತಾಯಿ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರಿಗೂ ಕೇಳಲೆಂದೇ ನಾನು ಗಟ್ಟಿಯಾಗಿ ಹೇಳಿದ್ದು.

ಮೈಸೂರಿನ ಶಸ್ತ್ರವೈದ್ಯರೊಂದಿಗೆ ಮತ್ತು ಒಬ್ಬ ಮನೋವೈದ್ಯರೊಂದಿಗೆ ಫೋನಿನಲ್ಲಿ ಮಾತಾಡಿ ಒಂದು ಯೋಜನೆ ಮಾಡಿಕೊಂಡೆವು. ಮೊದಲು ದಿನಕ್ಕೆ 200 ಮಿ.ಗ್ರಾಂ.ಗೆ ಮರಳಿ, ಹದಿನಾಲ್ಕು ದಿನ ಅಲ್ಲೇ ನಿಲ್ಲುವುದು. ಆಮೇಲೆ ಇಳಿಸುವುದು. ತೊಂದರೆಯೆಂದರೆ 50 ಮಿ.ಗ್ರಾಂ. ಕ್ಯಾಪ್ಸೂಲನ್ನು ಕತ್ತರಿಸಲಾಗುವುದಿಲ್ಲ, ನಾಲ್ಕರಲ್ಲಿ ಒಂದನ್ನು ಬಿಟ್ಟರೆ ಒಂದೇ ಸಲಕ್ಕೆ ಕಾಲುಭಾಗ ಕಡಿಮೆಯಾಗುತ್ತದೆ. ಆದ್ದರಿಂದ 37.5 ಮಿ.ಗ್ರಾಂ. ಟ್ರಮಡಾಲ್ ಮತ್ತು 325 ಮಿ.ಗ್ರಾಂ. ಪ್ಯಾರಸಿಟಮಾಲ್ ಕೂಡಿರುವ ಮಾತ್ರೆಯನ್ನು ಬಳಸಿದೆವು. ವಾರಕ್ಕೊಂದು ಕ್ಯಾಪ್ಸೂಲಿನ ಜಾಗದಲ್ಲಿ ಈ ಮಾತ್ರೆ ಬಂದು, 187.5, 175, 162.5 ಎಂದು ಇಳಿದು 150ಕ್ಕೆ ಬಂದು ನಿಂತಿತು. ಅಲ್ಲಿ ಮತ್ತೆ ಹದಿನಾಲ್ಕು ದಿನ. ಅಲ್ಲಿಂದ ಮುಂದೆ ಹತ್ತು ದಿನಕ್ಕೆ ಅರ್ಧ ಮಾತ್ರೆ. ಬೇರೆ ಪ್ಯಾರಸಿಟಮಾಲ್ ಕೊಡುವಾಗ ಈ ಮಾತ್ರೆಯೊಳಗಿನದನ್ನೂ ಸೇರಿಸಿ ಎಣಿಸುತ್ತಿದ್ದೆವು. ಸ್ಟ್ರಿಪ್‌ಗಳು ಪತ್ನಿಯ ಬಳಿ ಇದ್ದವು, ಆದರೆ ಅವರು ಕಾವಲುಗಾರರಂತೆ ನಡೆದುಕೊಳ್ಳಬಾರದೆಂದು ಮೊದಲೇ ಮಾತಾಗಿತ್ತು. ಪ್ರತಿ ರಾತ್ರಿ ಗಂಡ ಹೆಂಡತಿ ಇಬ್ಬರೂ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಆ ದಿನದ ಮಾತ್ರೆ, ನಿದ್ದೆ, ಮಲ, ಸಕ್ಕರೆ ಬರೆದಿಡುತ್ತಿದ್ದರು. ಮೊದಲ ಕೆಲವು ದಿನ ಬೆವರು ಚಡಪಡಿಕೆಗೆ ರಾತ್ರಿ 0.1 ಮಿ.ಗ್ರಾಂ. ಕ್ಲೋನಿಡಿನ್ ಕೊಟ್ಟೆ. ಅದು ರಕ್ತದೊತ್ತಡವನ್ನು ಇಳಿಸುತ್ತದೆ. ಅಷ್ಟೇ ಅಲ್ಲ, ಸಕ್ಕರೆ ಕುಸಿದಾಗ ಎದೆ ಹೊಡೆದುಕೊಂಡು ಸಿಗುವ ಎಚ್ಚರಿಕೆಯನ್ನೂ ಮಂಕಾಗಿಸಬಲ್ಲದು. ಆದ್ದರಿಂದ ಹೆಚ್ಚು ದಿನ ಮುಂದುವರಿಸಲಿಲ್ಲ.

ಸಕ್ಕರೆಯ ವಿಷಯವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಅಪಾಯ ಅತಿ ಹತ್ತಿರ ಬಂದದ್ದು ಅಲ್ಲಿ. ಮೇದೋಜೀರಕ ಹಾಳಾಗಿ ಬರುವ ಸಕ್ಕರೆ ಕಾಯಿಲೆಯಲ್ಲಿ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಮಾತ್ರವಲ್ಲ, ಕುಸಿದ ಸಕ್ಕರೆಯನ್ನು ಎತ್ತಿಹಿಡಿಯುವ ಗ್ಲುಕಗಾನ್ ಕೂಡ ಕಡಿಮೆಯಾಗಿರುತ್ತದೆ. ಹಾಗಾಗಿ ಇನ್ಸುಲಿನ್ ಕೊಂಚ ಹೆಚ್ಚಾದರೂ ಸಕ್ಕರೆ ಥಟ್ಟನೆ ಬೀಳುತ್ತದೆ. ಟ್ರಮಡಾಲ್ ತಾನೇ ಕೆಲವರಲ್ಲಿ ಸಕ್ಕರೆಯನ್ನು ಇಳಿಸುವುದೂ ಉಂಟು. ಮೂರನೆಯ ವಾರ ಒಂದು ನಡುರಾತ್ರಿ ಅವರಿಗೆ ಬೆವರು, ನಡುಕ, ಗಾಬರಿ ಬಂತು. ಮಾತ್ರೆ ಕಡಿಮೆಯಾದದ್ದಕ್ಕೇ ಹೀಗೆಂದು ಪತ್ನಿ ಮರುದಿನದ ಕ್ಯಾಪ್ಸೂಲನ್ನು ಕೊಟ್ಟರು. ಅರ್ಧ ಗಂಟೆಯಾದರೂ ಇಳಿಯದೆ, ಮಾತು ತೊದಲತೊಡಗಿದಾಗ ಮಗಳು ಗ್ಲುಕೋಮೀಟರ್ ಹಚ್ಚಿದಳು: 48. ಬೆಲ್ಲ ಕದಡಿದ ನೀರು ಕುಡಿಸಿದ ಮೇಲೆ ಕಣ್ಣು ಬಿಟ್ಟು ಸರಿಯಾಗಿ ನೋಡಿದರು. ಬೆಲ್ಲ ಬೇಯಿಸುವ ಮನೆಯಲ್ಲಿ ಬೆಲ್ಲಕ್ಕೆ ಕೊರತೆಯಿರಲಿಲ್ಲ, ಆದರೆ ಏನು ನಡೆಯುತ್ತಿದೆ ಎಂದು ತಿಳಿಯದೆ ಅಮೂಲ್ಯವಾದ ಅರ್ಧ ಗಂಟೆ ಹೋಗಿತ್ತು. ಮರುದಿನ ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಬೆವರು ನಡುಕ ಬಂದರೆ ಮೊದಲು ಸಕ್ಕರೆ ನೋಡುವುದು, 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಗ್ಲುಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು ಹದಿನೈದು ನಿಮಿಷಕ್ಕೆ ಮತ್ತೆ ನೋಡುವುದು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡುವುದು. ರಾತ್ರಿಯ ಇನ್ಸುಲಿನ್ ಪ್ರಮಾಣವನ್ನೂ ಇಳಿಸಿದೆವು. ಆಮೇಲೆ ಎರಡು ಸಲ ಹಾಗೆಯೇ ಬೆವರು ಬಂತು. ಒಮ್ಮೆ ಸಕ್ಕರೆ 62 ಇತ್ತು, ಒಮ್ಮೆ 131. ಎರಡನೆಯದು ಮಾತ್ರ ಮಾತ್ರೆಯ ಬಾಧೆ.

ಭೇದಿಯೂ ಹೀಗೆಯೇ ದಾರಿ ತಪ್ಪಿಸಿತು. ಮಾತ್ರೆ ಬಿಟ್ಟಾಗಿನ ಭೇದಿ ನೀರಿನಂತಿದ್ದು ಕೆಲವು ದಿನಗಳಲ್ಲಿ ನಿಲ್ಲುತ್ತದೆ. ಆರನೆಯ ವಾರ ಶುರುವಾದದ್ದು ಎಣ್ಣೆ ಪಸೆಯ, ತೇಲುವ, ಗಬ್ಬು ವಾಸನೆಯ ಮಲ. ಅದು ಕೊಬ್ಬು ಜೀರ್ಣವಾಗದೆ ಹೋಗುತ್ತಿರುವುದರ ಗುರುತು. ವಿಚಾರಿಸಿದರೆ, ಕಿಣ್ವದ ಕ್ಯಾಪ್ಸೂಲಿನಲ್ಲಿ ಹಂದಿಯ ಮೇದೋಜೀರಕದ ಸತ್ವವಿದೆ ಎಂದು ಯಾರೋ ಹೇಳಿದ್ದರಿಂದ ಶ್ರಾವಣದಲ್ಲಿ ಬೇಡವೆಂದು ನಿಲ್ಲಿಸಿದ್ದರು. ಹೌದು, ಅದು ಹಂದಿಯದೇ ಎಂದು ಒಪ್ಪಿಕೊಂಡೆ. ಅದರಷ್ಟು ಕೆಲಸ ಮಾಡುವ ಬೇರೆ ಔಷಧ ನನ್ನ ಬಳಿ ಇಲ್ಲವೆಂದೂ ಹೇಳಿದೆ. ಈ ಮಾತನ್ನು ಕ್ಯಾಪ್ಸೂಲ್ ಬರೆಯುವಾಗಲೇ ಹೇಳಿರಬೇಕಿತ್ತು. ಅವರ ತಾಯಿಯೇ ಯೋಚಿಸಿ, ಔಷಧಕ್ಕೆ ದೋಷವಿಲ್ಲ ಎಂದು ತೀರ್ಪು ಕೊಟ್ಟರು. ಇನ್ನೊಂದು ತಪ್ಪು ಕ್ಯಾಪ್ಸೂಲ್ ನುಂಗುವ ಹೊತ್ತಿನಲ್ಲಿತ್ತು. ಊಟ ಮುಗಿಸಿ ಕೈ ತೊಳೆದ ಮೇಲೆ ನುಂಗುತ್ತಿದ್ದರು. ಕಿಣ್ವ ಅನ್ನದ ಜೊತೆಯೇ ಕಲೆಯಬೇಕು. ಮೊದಲ ತುತ್ತಿಗೆ 25,000 ಯೂನಿಟ್‌ನ ಒಂದು, ಊಟದ ನಡುವೆ ಇನ್ನೊಂದು ಎಂದು ಮಾಡಿದೆವು. ಮುದ್ದೆ ಬಿಡುವ ಅಗತ್ಯವಿರಲಿಲ್ಲ. ಒಂದು ದೊಡ್ಡ ಮುದ್ದೆಯನ್ನು ಎರಡು ಹೊತ್ತಿಗೆ ಹಂಚಿಕೊಂಡರು. ವಾರದೊಳಗೆ ಮಲ ಸರಿಹೋಯಿತು, ತೂಕ ಏರತೊಡಗಿತು.

ಇಳಿಸುವ ಕೆಲಸದಲ್ಲಿ ಕಷ್ಟವಾದದ್ದು ಕೊನೆಯ ಭಾಗ. ಎಂಟರಿಂದ ನಾಲ್ಕಕ್ಕೆ ಬಂದವರಿಗೆ ಎರಡೂವರೆಯಿಂದ ಎರಡಕ್ಕೆ ಬರುವುದು ಏಕೆ ಕಷ್ಟವಾಗಬೇಕೆಂದು ಮನೆಯವರಿಗೆ ತಿಳಿಯುತ್ತಿರಲಿಲ್ಲ. ಪ್ರಮಾಣ ಚಿಕ್ಕದಾದಷ್ಟೂ ಅದೇ ಅರ್ಧ ಮಾತ್ರೆ ಉಳಿದದ್ದರಲ್ಲಿ ದೊಡ್ಡ ಪಾಲಾಗುತ್ತದೆ. 93.75 ಮಿ.ಗ್ರಾಂ. ಹಂತದಲ್ಲಿ ಮೂರು ದಿನ ಹೊಟ್ಟೆ ಹಿಂಡಿತು. ಜ್ವರ, ಕಾಮಾಲೆ, ಬೆನ್ನಿಗೆ ಹೊಡೆಯುವ ನೋವು ಯಾವುದೂ ಇರಲಿಲ್ಲ. ಸ್ಕ್ಯಾನ್ ಮಾಡಿಸಿದೆವು, ನಾಳ ಹಿಗ್ಗಿರಲಿಲ್ಲ. ಹಿಂದಿನ ಪ್ರಮಾಣಕ್ಕೆ ಏರಿಸದೆ ಅಲ್ಲೇ ಎರಡು ವಾರ ಹೆಚ್ಚಿಗೆ ನಿಂತೆವು. ಆ ದಿನಗಳಲ್ಲಿ ನಿದ್ದೆ ಬರಲೆಂದು ಒಂದು ಪೆಗ್ ಹಾಕು ಎಂದು ಸಲಹೆ ಕೊಟ್ಟ ನೆಂಟರೂ ಇದ್ದರು. ಮದ್ಯ ಆ ಗ್ರಂಥಿಗೆ ವಿಷ, ಟ್ರಮಡಾಲ್ ಜೊತೆ ಸೇರಿದರೆ ಉಸಿರಾಟಕ್ಕೇ ಕುತ್ತು. ನಾನು ಊರಲ್ಲಿಲ್ಲದ ದಿನ ಮನಸ್ಸು ಕುಸಿದರೆ ಮಾತಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದೆ. ಒಮ್ಮೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಿದರೆಂದು ಆಮೇಲೆ ತಿಳಿಯಿತು.

200ರಿಂದ ಸೊನ್ನೆಗೆ ಬರಲು ಒಟ್ಟು 133 ದಿನ ಹಿಡಿಯಿತು. ಕೊನೆಯ ಅರ್ಧ ಮಾತ್ರೆ ಬಿಟ್ಟ ಮೇಲೆ ಒಂದು ವಾರ ಆಕಳಿಕೆ, ಒಂದೂವರೆ ತಿಂಗಳು ಅರೆಬರೆ ನಿದ್ದೆ. ಶಸ್ತ್ರಚಿಕಿತ್ಸೆಯಾದ ಎಂಟನೆಯ ತಿಂಗಳಲ್ಲಿ ತೂಕ 54 ಕೆ.ಜಿ. ಇತ್ತು. ಊಟದ ನಂತರದ ನೋವು ಮರಳಿರಲಿಲ್ಲ. ಇನ್ಸುಲಿನ್ ಮತ್ತು ಕಿಣ್ವ ಜೀವನಪರ್ಯಂತ ಬೇಕು. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವ ಕೆಲಸವನ್ನು ಅಣ್ಣನಿಗೆ ಬಿಟ್ಟು, ಅಚ್ಚು ಎಣಿಸುವ, ಲೆಕ್ಕ ಬರೆಯುವ ಕೆಲಸ ಹಿಡಿದಿದ್ದಾರೆ.

ಆ ತಿಂಗಳು ಅವರ ಪತ್ನಿ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತೆಂದು 23 ಹಳೆಯ ಕ್ಯಾಪ್ಸೂಲುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅವು ಅಲ್ಲಿವೆಯೆಂದು ಆತನಿಗೂ ಗೊತ್ತಿತ್ತಂತೆ. ದೇಹಕ್ಕೆ ಹಿಂದಿದ್ದ ಒಗ್ಗುವಿಕೆ ಈಗ ಇಲ್ಲವಾದ್ದರಿಂದ, ಒಂದು ಕೆಟ್ಟ ರಾತ್ರಿ ಹಳೆಯ ಲೆಕ್ಕದಲ್ಲಿ ಅವನ್ನು ನುಂಗಿದ್ದರೆ ಫಿಟ್ಸ್ ಬರಬಹುದಿತ್ತು, ಉಸಿರೇ ನಿಲ್ಲಬಹುದಿತ್ತು ಎಂದು ಇಬ್ಬರನ್ನೂ ಕೂರಿಸಿ ಹೇಳಿದೆ. ಕ್ಯಾಪ್ಸೂಲುಗಳನ್ನು ಅವರ ಮುಂದೆಯೇ ಒಡೆದು ನಾಶಮಾಡಿದೆ. ಮುಂದೆ ಹಲ್ಲು ಕೀಳಿಸಬೇಕಾದರೂ, ಇನ್ನೊಂದು ಶಸ್ತ್ರಚಿಕಿತ್ಸೆ ಬಂದರೂ ವೈದ್ಯರಿಗೆ ಮೊದಲೇ ತೋರಿಸಲೆಂದು ಒಂದು ಪತ್ರ ಬರೆದುಕೊಟ್ಟೆ. ಯಾವ ಔಷಧ, ಎಷ್ಟು ವರ್ಷ, ದಿನಕ್ಕೆ ಎಷ್ಟು, ಹೇಗೆ ಬಿಡಿಸಲಾಯಿತು, ಮೊದಲ ಚೀಟಿ ಯಾರು ಬರೆದದ್ದು, ಎಲ್ಲವೂ ಅದರಲ್ಲಿದೆ. ಅವರು ಅದನ್ನು ಗ್ಲುಕೋಮೀಟರಿನ ಚೀಲದಲ್ಲಿ ಮಡಿಸಿ ಇಟ್ಟುಕೊಂಡಿದ್ದಾರೆ.